ಊದುಗೊಳವೆ

ನೂರಡಿ ರಸ್ತೆ, ಮೆಡಿಕಲ್ ಅಂಗಡಿಯ ಮಹಡಿ,
ಹದಿನೆಂಟು ಮೆಟ್ಟಿಲು.
ಎದೆಯ ಡಾಕ್ಟರು ಇಷ್ಟು ಎತ್ತರದಲ್ಲಿ ಕೂತರೆ ಹೆಂಗವ್ವಾ
ಎಂದು ಬೈದವರಿದ್ದಾರೆ.
ಬಾಡಿಗೆ ಕಡಿಮೆ ಎನ್ನುವುದಿಲ್ಲ ನಾನು;
ಮೆಟ್ಟಿಲೇ ನನ್ನ ಮೊದಲ ಪರೀಕ್ಷೆ ಎಂದು ನಗುತ್ತೇನೆ.
ಅದು ಅರ್ಧ ಸುಳ್ಳು.

ಗಾಣದ ತಿಂಗಳು. ಕಿಟಕಿ ಮುಚ್ಚಿದರೂ
ಬೆಲ್ಲ ಕಾಯುವ ವಾಸನೆ ಪರದೆಗೆ ಅಂಟಿದೆ.
ಚಿಕ್ಕವಳಿದ್ದಾಗ ಈ ವಾಸನೆಯ ಹಿಂದೆ ಓಡುತ್ತಿದ್ದೆ,
ಬಿಸಿಬೆಲ್ಲಕ್ಕೆ ಕಬ್ಬಿನ ಜಲ್ಲೆ ಹಿಡಿದು.
ಈಗ ಮೊದಲು ಕೇಳುವುದು:
ಒಲೆ ಯಾವುದು? ಉರುವಲು ಏನು? ಎಷ್ಟು ವರ್ಷ?

"ಇವರ್ದು ಗೊರಕೆ" ಎಂದಳು ಹೊಂಬಾಳಮ್ಮ.
ಚನ್ನಂಕೇಗೌಡ, ಐವತ್ತಾರು, ಕಬ್ಬಿನ ಟ್ರಾಕ್ಟರು,
ಕತ್ತಿನ ಸುತ್ತಳತೆ ಹದಿನೇಳೂವರೆ ಇಂಚು,
ಫ್ಯಾಕ್ಟರಿ ಮುಂದಿನ ಸಾಲಿನಲ್ಲಿ ಸ್ಟೇರಿಂಗ್ ಮೇಲೆ ಒರಗಿ
ಹಣೆ ತಗಲಿ ಬಡಿದ ಹಾರನ್ನಿಗೆ ತಾನೇ ಬೆಚ್ಚಿ ಎದ್ದವನು,
ತಪ್ಪು ಮಾಡಿದ ಹುಡುಗನ ಹಾಗೆ ಟವೆಲ್ಲು ಮಡಚುತ್ತಿದ್ದ.
ಹಿಂದಿನ ರಾತ್ರಿ ಸಫೂರಾ ಅವನ ತಲೆಗೆ, ಎದೆಗೆ, ಬೆರಳಿಗೆ
ತಂತಿ ಅಂಟಿಸಿ ಮಲಗಿಸಿದ್ದಳು.
ಬೆಳಿಗ್ಗೆ ಕಾಗದದ ಮೇಲೆ: ಗಂಟೆಗೆ ಮೂವತ್ತೇಳು ಸಲ
ಉಸಿರು ನಿಂತಿದೆ.

"ನಲವತ್ತು" ಎಂದಳು ಅವಳು.
"ನಾನು ಎಣಿಸಿವ್ನಿ. ನಿಮ್ಮ ಮಿಷನ್ನು ಒಸಿ ಕಮ್ಮಿ ಹೇಳ್ತದೆ."
ಹನ್ನೊಂದು ವರ್ಷ ಕತ್ತಲಲ್ಲಿ ಅಂಗೈಯನ್ನು
ಅವನ ಮೂಗಿನ ಹತ್ತಿರ ಹಿಡಿದು ಮಲಗಿದವಳು.
ಗಾಳಿ ತಾಕದಿದ್ದರೆ ಪಕ್ಕೆಗೊಂದು ಗುದ್ದು.
"ಗುದ್ದಿ ಗುದ್ದಿ... ಸಾಕಾಗೋಯ್ತು... ಕನವ್ವ."

ಅಲ್ಲಿ ನನ್ನ ಪೆನ್ನು ನಿಂತಿತು.
ಅಷ್ಟು ಸಣ್ಣ ಮಾತಿಗೆ ಎರಡು ಕಡೆ ಉಸಿರು.
ಮೈಸೂರಿನ ಕಾಲೇಜಿನಲ್ಲಿ ಮುದುಕ ಮೇಷ್ಟ್ರೊಬ್ಬರು ಹೇಳುತ್ತಿದ್ದರು:
ಕಿವಿಗೆ ಕೊಳವೆ ಸಿಕ್ಕಿಸುವ ಮೊದಲು ಮಾತು ಕೇಳು,
ವಾಕ್ಯ ಎಲ್ಲಿ ಮುರಿಯುತ್ತದೆ ನೋಡು.

"ನೀವೂ ಒಂದು ಸಲ ಊದಿ."
"ನಂಗೇನೂ ಆಗಿಲ್ಲ ಬುಡಿ. ಬಂದಿರೋದು ಇವರಿಗೆ."
ಆದರೂ ಬಿಳಿ ಕೊಳವೆ ಕೈಗೆ ಬಂದಾಗ ನಕ್ಕಳು.
ಎಂಟರ ವಯಸ್ಸಿಗೆ ಅವ್ವ ಕೊಟ್ಟ ಕಬ್ಬಿಣದ ಊದುಗೊಳವೆ,
ಆಮೇಲೆ ಆಲೆಮನೆಯ ಒಲೆಬಾಯಿ, ಹಸಿ ರಚ್ಚು,
ರಚ್ಚು ಸಾಲದ ದಿನ ಹಳೇ ಟೈರಿನ ಚೂರು.
"ಊದೋದ ನಂಗೇ ಹೇಳ್ಕೊಡ್ತೀರಾ?"

ಎಳ್ಕೊಳ್ಳಿ, ಎಳ್ಕೊಳ್ಳಿ, ಈಗ ಬಿಡಿ,
ಊದಿ ಊದಿ ಊದಿ ಊದಿ ಇನ್ನೂ ಇನ್ನೂ
ಸಫೂರಾ ಕೂಗುತ್ತಾಳೆ ಸೂಲಗಿತ್ತಿಯ ಹಾಗೆ.
ತೆರೆಯ ಮೇಲೆ ಗೆರೆ ಎದ್ದು, ನಿಲ್ಲಲಾರದೆ,
ಒದ್ದೆ ಸೀರೆಯ ಭಾರಕ್ಕೆ ಹಗ್ಗ ಜಗ್ಗಿದಂತೆ ಜೋತಿತು.

"ಎಷ್ಟು?"
"ನೂರಕ್ಕೆ ನಲವತ್ತೆಂಟು."
"ಮಿಕ್ಕಿದ್ದು ಎಲ್ಲೋಯ್ತು?"

ಓದಿದ್ದರಲ್ಲಿ ಉತ್ತರವಿದೆ. ಹೇಳಲಿಲ್ಲ.
ಪಾಕ ಹದಕ್ಕೆ ಬಂದಾಗೆಲ್ಲ ಒಂದೊಂದು ಗುಟುಕು
ಯಾರದೋ ಬೆಲ್ಲದಚ್ಚಿನೊಳಗೆ ಹೋಯಿತು ಎಂದರೆ
ಹಬ್ಬದ ದಿನ ನಾನು ಒಬ್ಬಟ್ಟು ತಿನ್ನಬೇಕಲ್ಲ.

ಅವನಿಗೆ ರಾತ್ರಿಯೆಲ್ಲ ಮೂಗಿಗೆ ಗಾಳಿ ಒತ್ತುವ ಯಂತ್ರ.
ಅವಳಿಗೆ ದಿನಕ್ಕೆರಡು ಸಲ ಎಳೆಯುವ ಪಂಪು.
ಈ ತಿಂಗಳು ದುಡ್ಡು ಒಂದಕ್ಕೆ.
"ಇವರ್ದೇ ಮೊದ್ಲು" ಎಂದಳು.
ಚನ್ನಂಕೇಗೌಡ ಆಗ ಬಾಯಿ ಬಿಟ್ಟ:
"ಅವಳ್ದು ಬರೀರಿ. ನಾನು ಒಸಿ ದಿನ ಕೂತ್ಕಂಡೇ ಮಲಗ್ತೀನಿ."
ಅಲ್ಲಿಯವರೆಗೆ ಟ್ರಾಕ್ಟರು ಮುಟ್ಟಬೇಡಿ ಎಂದೆ.
ತಲೆಯಾಡಿಸಿದ. ಯಾವ ಕಡೆಗೆ ಎಂದು ತಿಳಿಯಲಿಲ್ಲ.
ಎರಡನ್ನೂ ಒಂದೇ ಚೀಟಿಯಲ್ಲಿ ಬರೆದೆ.
ಹಾಗೆ ಬರೆಯುವುದು ಕ್ರಮವಲ್ಲ.

ಮುಂದಿನ ತಿಂಗಳು ಬಂದರು. ಬಾಗಿಲಿಂದ ಬಗ್ಗಿ ನೋಡಿದೆ.
ಒಂಬತ್ತನೆಯ ಮೆಟ್ಟಿಲಲ್ಲಿ ಅವಳು ನಿಂತಳು.
ಎರಡು ಮೆಟ್ಟಿಲು ಮುಂದಿದ್ದವನೂ ನಿಂತ,
ತಿರುಗಿ ನೋಡಲಿಲ್ಲ,
ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ,
ಸರಿಯಾಗಿಯೇ ಇದ್ದ ಪಟ್ಟಿ.
ಹಿಂದೆ ಬಳೆಯ ಸದ್ದು ಕೇಳಿದ ಮೇಲೆ
ಮತ್ತೆ ಹತ್ತಿದ.